ಗೈಡ್ ಇಲ್ಲ, ಅಂಕ ಇಲ್ಲ, ಚಹಾ ಮಾತ್ರ ಇದೆ: ಸಂಶೋಧನಾ ಸಂಸ್ಥೆಗಳ 'ಸ್ಟೂಡೆಂಟ್ ಟಾಕ್' ಎಂದರೇನು?

ಪಿಎಚ್‌ಡಿ ಮಾಡುತ್ತಿರುವ ಮಗನೋ ಮಗಳೋ ಫೋನ್ ಮಾಡಿ, ಇವತ್ತು ಸಂಜೆ ನನ್ನ ಟಾಕ್ ಇದೆ ಎಂದರೆ ಊರಿನಲ್ಲಿರುವ ಅಪ್ಪ-ಅಮ್ಮ ಅದನ್ನು ಪರೀಕ್ಷೆ ಎಂದೇ ತಿಳಿಯುತ್ತಾರೆ. ಹೆದರಬೇಡ, ಚೆನ್ನಾಗಿ ಮಾಡು ಎನ್ನುತ್ತಾರೆ. ಆದರೆ ಎಲ್ಲ ಟಾಕ್‌ಗಳೂ ಪರೀಕ್ಷೆಯಲ್ಲ. ಚೆನ್ನೈ, ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳೇ ಸೇರಿ ನಡೆಸುವ ಒಂದು ಬಗೆಯ ಉಪನ್ಯಾಸವಿದೆ. ಅದಕ್ಕೆ ಅಂಕವಿಲ್ಲ, ಪಾಸು-ಫೇಲು ಇಲ್ಲ, ಹಾಜರಿಯೂ ಇಲ್ಲ. ವಿಷಯ ಇಂಥದ್ದೇ ಆಗಿರಬೇಕೆಂಬ ನಿಯಮವೂ ಇಲ್ಲ. ಆದರೂ ಸಂಜೆಯಾದರೆ ಹತ್ತಿಪ್ಪತ್ತು ಮಂದಿ ಬಂದು ಕೂರುತ್ತಾರೆ.

ಯಾಕೆ ಬರುತ್ತಾರೆ? ಅಂಕವಿಲ್ಲದ ಈ ಮಾತುಕತೆಯಿಂದ ಯಾರಿಗೆ ಏನು ಲಾಭ?

ಎರಡು ಬಗೆಯ ಟಾಕ್

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ಪಿಎಚ್‌ಡಿ ವಿದ್ಯಾರ್ಥಿ ಕಡ್ಡಾಯವಾಗಿ ಕೊಡಲೇಬೇಕಾದ ಉಪನ್ಯಾಸಗಳಿವೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯ ಪ್ರಕಾರ ವಿದ್ಯಾರ್ಥಿ ಪ್ರತಿ ಸೆಮಿಸ್ಟರ್‌ನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ತನ್ನ ಕೆಲಸ ಎಲ್ಲಿಗೆ ಬಂತು ಎಂದು ವಿವರಿಸಬೇಕು. ಸಮಿತಿಯಲ್ಲಿ ಗೈಡ್ ಇರುತ್ತಾರೆ, ಬೇರೆ ಪ್ರಾಧ್ಯಾಪಕರೂ ಇರುತ್ತಾರೆ. ಅಲ್ಲಿ 'ನನಗೆ ಗೊತ್ತಿಲ್ಲ' ಎಂಬ ಮಾತು ಬಾಯಿಗೆ ಬರುವುದು ಕಷ್ಟ. ಬಂದರೆ ಅದು ಫೈಲಿಗೆ ಹೋಗುತ್ತದೆ ಎಂಬ ಭಯ.

ಇನ್ನೊಂದು ಬಗೆಯೇ ನಾವು ಇಲ್ಲಿ ಹೇಳುತ್ತಿರುವ ಸ್ಟೂಡೆಂಟ್ ಟಾಕ್. ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ವರ್ಷದ ವಿದ್ಯಾರ್ಥಿಯೊಬ್ಬರು ಇದರ ಉಸ್ತುವಾರಿ ಹೊತ್ತಿರುತ್ತಾರೆ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಖಾಲಿ ಇರುವ ಸೆಮಿನಾರ್ ಹಾಲ್ ಹುಡುಕಿ, ಯಾರನ್ನಾದರೂ ಕಾಡಿ ಬೇಡಿ ಒಪ್ಪಿಸಿ, ಇಮೇಲ್ ಕಳಿಸುತ್ತಾರೆ. ಮಾತನಾಡುವವರು ತಮ್ಮ ಪ್ರಬಂಧದ ವಿಷಯವನ್ನೇ ಆರಿಸಬೇಕಿಲ್ಲ. ಎಷ್ಟೋ ಕಡೆ ಆರಿಸದಿರುವುದೇ ವಾಡಿಕೆ. ಕಾರಣ ಸರಳ. ಒಬ್ಬರ ಪ್ರಬಂಧದ ವಿಷಯ ಪೂರ್ತಿ ಅರ್ಥವಾಗುವುದು ಇಡೀ ಕ್ಯಾಂಪಸ್‌ನಲ್ಲಿ ನಾಲ್ಕೈದು ಜನರಿಗೆ. ಆ ನಾಲ್ಕೈದು ಜನ ಅದನ್ನು ಆಗಲೇ ಕೇಳಿರುತ್ತಾರೆ.

ಹಾಗಾಗಿ ವಿಷಯಗಳು ಎಲ್ಲಿಂದ ಎಲ್ಲಿಗೋ ಹೋಗುತ್ತವೆ. ಇಸ್ಪೀಟ್ ಎಲೆಯನ್ನು ಎಷ್ಟು ಸಲ ಕಲೆಸಿದರೆ ಸರಿಯಾಗಿ ಬೆರೆತಂತೆ? ಸಾಮಾನ್ಯ ರಿಫಲ್ ಶಫಲ್‌ನಲ್ಲಿ ಏಳು ಸಲ ಎಂದು 1992ರಲ್ಲಿ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ ಎಂಬ ಗಣಿತಜ್ಞರು ತೋರಿಸಿದ್ದಾರೆ. ಒಂದು ಕೋಣೆಯಲ್ಲಿ ಎಷ್ಟು ಜನರಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಾಗುತ್ತದೆ? ಬರೀ 23. ಟಾಕ್‌ಗೆ ಸೇರುವ ಜನರ ಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ ಇರುವುದರಿಂದ ಅಲ್ಲೇ ಕೈ ಎತ್ತಿಸಿ ನೋಡಬಹುದು.

ರಂಗೋಲಿಯಿಂದ ಲಘು-ಗುರುವಿಗೆ

ಇಂಥ ಒಂದು ಗಂಟೆ ಹೇಗೆ ಸಾಗಬಹುದು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಚೆನ್ನೈನ ತರಮಣಿಯಲ್ಲಿರುವ ಗಣಿತ ವಿಜ್ಞಾನಗಳ ಸಂಸ್ಥೆ, ಅಂದರೆ ಐಎಂಎಸ್‌ಸಿಯಂಥ ಸ್ಥಳವನ್ನು ಊಹಿಸಿಕೊಳ್ಳಿ. ಅಲ್ಲಿ ಗಣಿತ, ಸೈದ್ಧಾಂತಿಕ ಭೌತಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಮತ್ತು ಕಂಪ್ಯೂಟೇಷನಲ್ ಬಯಾಲಜಿ ಓದುವವರು ಒಂದೇ ಸೂರಿನಡಿ ಇದ್ದಾರೆ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿಯೊಬ್ಬಳು ರಂಗೋಲಿಯ ಬಗ್ಗೆ ಮಾತನಾಡಲು ನಿಲ್ಲುತ್ತಾಳೆ ಎಂದಿಟ್ಟುಕೊಳ್ಳಿ.

ತಮಿಳರು ಕೋಲಂ ಎನ್ನುವ ನಮ್ಮ ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳ ಸುತ್ತ ಬಳಸಿ ಬರುವ ಎಳೆ ಇರುತ್ತದೆಯಲ್ಲ, ಅದನ್ನು ಸಂಕೇತಗಳ ಸಾಲಾಗಿ ಬರೆಯಬಹುದು. 'ನೇರ ಹೋಗು', 'ಎಡಕ್ಕೆ ತಿರುಗು', 'ಬಲಕ್ಕೆ ತಿರುಗು' ಎಂಬಂತೆ. ಪುಟ್ಟ ರಂಗೋಲಿಯ ಒಂದೊಂದು ಸಂಕೇತದ ಜಾಗದಲ್ಲಿ ಗೊತ್ತಾದ ಒಂದು ತುಣುಕನ್ನು ಇಡುತ್ತಾ ಹೋದರೆ ಅದೇ ಜಾತಿಯ ದೊಡ್ಡ ರಂಗೋಲಿ ಸಿಗುತ್ತದೆ. ಅಂದರೆ ರಂಗೋಲಿಗೂ ಒಂದು ವ್ಯಾಕರಣವಿದೆ. ಇದು ತಮಾಷೆಯ ಮಾತಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲೇ ಕೋಲಂ ವ್ಯಾಕರಣದ ಮೇಲೆ ಸಂಶೋಧನಾ ಪ್ರಬಂಧ ಪ್ರಕಟಿಸಿದ್ದರು. ಅಂಗಳದಲ್ಲಿ ಹೆಂಗಸರು ದಿನಾ ಬೆಳಗ್ಗೆ ಮಾಡುವ ಕೆಲಸ ಅಂತರರಾಷ್ಟ್ರೀಯ ಜರ್ನಲ್ ಸೇರಿತ್ತು.

ಈಗ ಹಿಂದಿನ ಬೆಂಚಿನಿಂದ ಬಯಾಲಜಿ ಹುಡುಗನ ಪ್ರಶ್ನೆ: ಗಿಡ ಬೆಳೆಯುವುದೂ ಹೀಗೇ ಅಲ್ಲವೇ? ಹೌದು. ಹಂಗೇರಿ ಮೂಲದ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡನ್‌ಮಾಯರ್ 1968ರಲ್ಲಿ ಜೀವಕೋಶಗಳ ಬೆಳವಣಿಗೆಯನ್ನು ವಿವರಿಸಲು ಇಂಥದ್ದೇ ಪದ್ಧತಿ ಮುಂದಿಟ್ಟರು. ಪಾಚಿಯ ಉದಾಹರಣೆಯಲ್ಲಿ ಎರಡೇ ನಿಯಮ. 'ಅ' ಇದ್ದಲ್ಲಿ 'ಅಬ' ಬರೆಯಿರಿ, 'ಬ' ಇದ್ದಲ್ಲಿ 'ಅ' ಬರೆಯಿರಿ. 'ಅ'ದಿಂದ ಶುರು ಮಾಡಿದರೆ ಅ, ಅಬ, ಅಬಅ, ಅಬಅಅಬ ಎಂದು ಬೆಳೆಯುತ್ತದೆ. ಅಕ್ಷರಗಳನ್ನು ಎಣಿಸಿ: 1, 2, 3, 5. ಮುಂದಿನದು 8, ಆಮೇಲೆ 13.

ಫಿಬೊನಾಚಿ ಎಂದು ಗಣಿತದವರು ಕೂಗುತ್ತಾರೆ. ಅಷ್ಟರಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರ ಹತ್ತಿರ ಪ್ರಸ್ತಾರ ಹಾಕಲು ಕಲಿತಿದ್ದವರು ಯಾರಾದರೂ ಅಲ್ಲಿದ್ದರೆ, ಇದು ನಮ್ಮ ಲಘು-ಗುರುವಿನ ಲೆಕ್ಕ ಎನ್ನಬಹುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಮಾಡಬಹುದು? ನಾಲ್ಕು ಲಘು ಒಂದು ಬಗೆ, ಎರಡು ಗುರು ಇನ್ನೊಂದು. ಒಂದು ಗುರು, ಎರಡು ಲಘು ಇದ್ದರೆ ಗುರು ಮೊದಲು, ನಡುವೆ ಅಥವಾ ಕೊನೆಯಲ್ಲಿ ಬರಬಹುದು, ಅದು ಮೂರು ಬಗೆ. ಒಟ್ಟು ಐದು. ಮೂರು ಮಾತ್ರೆಗೆ ಮೂರು, ಐದು ಮಾತ್ರೆಗೆ ಎಂಟು. ಅದೇ ಸರಣಿ. ಇಟಲಿಯ ಫಿಬೊನಾಚಿ ತನ್ನ ಪುಸ್ತಕ ಬರೆದದ್ದು 1202ರಲ್ಲಿ. ಅದಕ್ಕೂ ಮೊದಲೇ ವಿರಹಾಂಕ, ಹೇಮಚಂದ್ರ ಮುಂತಾದ ಛಂದಸ್ಸಿನ ಪಂಡಿತರು ಇದನ್ನು ಬಲ್ಲವರಾಗಿದ್ದರು.

ರಂಗೋಲಿಯಿಂದ ಪಾಚಿಗೆ, ಪಾಚಿಯಿಂದ ಛಂದಸ್ಸಿಗೆ. ಇದರಿಂದ ಆ ಹುಡುಗಿಯ ಪಿಎಚ್‌ಡಿ ಒಂದು ದಿನವೂ ಬೇಗ ಮುಗಿಯುವುದಿಲ್ಲ, ನಿಜ. ಆದರೆ ತನಗೆ ಗೊತ್ತಿರುವುದನ್ನು ಗೊತ್ತಿಲ್ಲದವರ ಮುಂದೆ ಹೇಳಿ, ಅವರು ಎಲ್ಲಿ ಎಡವುತ್ತಾರೆ ಎಂದು ನೋಡುವ ಅವಕಾಶ ಆಕೆಗೆ ಸಿಗುತ್ತದೆ. ಸಮಿತಿಯ ಮುಂದೆ ಅದು ಸಿಗುವುದಿಲ್ಲ. ಅಲ್ಲಿರುವವರಿಗೆಲ್ಲ ಆಕೆಗಿಂತ ಹೆಚ್ಚು ಗೊತ್ತಿರುತ್ತದೆ, ಅಥವಾ ಗೊತ್ತಿದೆ ಎಂದು ಎಲ್ಲರೂ ನಂಬಿರುತ್ತಾರೆ.

ಮೈಲಾಪುರದ ಮನೆಯಲ್ಲಿ ಹುಟ್ಟಿದ ಸಂಸ್ಥೆ

ಇಂಥ ಸಣ್ಣ ಕೂಟಗಳಿಂದ ದೊಡ್ಡದೇನಾದರೂ ಹುಟ್ಟಿದೆಯೇ ಎಂದು ಕೇಳುವವರಿಗೆ ಮೇಲೆ ಹೇಳಿದ ಐಎಂಎಸ್‌ಸಿಯೇ ಉತ್ತರ. ಚೆನ್ನೈನಲ್ಲಿರುವ ಎಷ್ಟೋ ಕನ್ನಡಿಗರು ಓಎಂಆರ್‌ಗೆ ಕೆಲಸಕ್ಕೆ ಹೋಗುವಾಗ ತರಮಣಿಯ ಹಾದಿಯಲ್ಲೇ ಸಾಗುತ್ತಾರೆ. ಆದರೆ ಆ ಸಂಸ್ಥೆ ಶುರುವಾದದ್ದು ಮೈಲಾಪುರದ ಒಂದು ಮನೆಯ ಸೆಮಿನಾರ್‌ನಿಂದ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಭೌತಶಾಸ್ತ್ರಜ್ಞ ಅಲ್ಲಾಡಿ ರಾಮಕೃಷ್ಣನ್ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಸಂವಿಧಾನದ ಕರಡು ಸಮಿತಿಯಲ್ಲಿದ್ದ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರ ಮಗ. ಹೋಮಿ ಭಾಭಾ ಜತೆ ಸಂಶೋಧನೆ ಮಾಡಿದ್ದವರು. 1957-58ರಲ್ಲಿ ಅವರು ಅಮೆರಿಕದ ಪ್ರಿನ್ಸ್‌ಟನ್‌ನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯಲ್ಲಿದ್ದರು. ಅಲ್ಲಿ ಒಂದರ ಹಿಂದೊಂದು ನಡೆಯುತ್ತಿದ್ದ ಸೆಮಿನಾರ್‌ಗಳನ್ನು ಕೇಳಿ ಬಂದವರಿಗೆ ಮದ್ರಾಸಿನಲ್ಲೂ ಹಾಗೆ ಮಾಡಬೇಕೆನಿಸಿತು. ಮೈಲಾಪುರದ ತಮ್ಮ ಮನೆ 'ಏಕಾಮ್ರ ನಿವಾಸ'ದಲ್ಲೇ 'ಥಿಯರೆಟಿಕಲ್ ಫಿಸಿಕ್ಸ್ ಸೆಮಿನಾರ್' ಶುರು ಮಾಡಿದರು. ಎಳೆಯ ವಿದ್ಯಾರ್ಥಿಗಳು ಹೊಸ ಸಂಶೋಧನೆಗಳನ್ನು ಓದಿ ಅಲ್ಲಿ ವಿವರಿಸುತ್ತಿದ್ದರು. ಮದ್ರಾಸಿಗೆ ಬರುವ ವಿದೇಶಿ ವಿಜ್ಞಾನಿಗಳನ್ನೂ ರಾಮಕೃಷ್ಣನ್ ಮನೆಗೆ ಕರೆತರುತ್ತಿದ್ದರು.

1960ರ ಜನವರಿಯಲ್ಲಿ ಹಾಗೆ ಬಂದ ಅತಿಥಿ ಸಾಮಾನ್ಯರಲ್ಲ, ನೀಲ್ಸ್ ಬೋರ್. ಪರಮಾಣು ರಚನೆಯ ಕೆಲಸಕ್ಕೆ 1922ರಲ್ಲೇ ನೊಬೆಲ್ ಪಡೆದವರು. ಭಾರತದಲ್ಲಿ ನಿಮಗೆ ಮೆಚ್ಚುಗೆಯಾದದ್ದು ಏನು ಎಂದು ಪತ್ರಕರ್ತರು ಕೇಳಿದಾಗ ಬೋರ್ ಎರಡು ಹೆಸರು ಹೇಳಿದರು. ಒಂದು, ಬಾಂಬೆಯಲ್ಲಿ ಭಾಭಾ ಕಟ್ಟಿದ್ದ ದೊಡ್ಡ ಸಂಸ್ಥೆ ಟಿಐಎಫ್‌ಆರ್. ಇನ್ನೊಂದು, ಮದ್ರಾಸಿನಲ್ಲಿ ರಾಮಕೃಷ್ಣನ್ ಜತೆಗಿದ್ದ ವಿದ್ಯಾರ್ಥಿಗಳ ಸಣ್ಣ ಗುಂಪು. ಒಂದು ಕಡೆ ಸರ್ಕಾರದ ಹಣ, ಕಟ್ಟಡ, ಯಂತ್ರ. ಇನ್ನೊಂದು ಕಡೆ ಒಂದು ಮನೆ. ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದ್ದು ಸುದ್ದಿಯಾಯಿತು, ಪ್ರಧಾನಿ ನೆಹರೂ ಅವರ ಕಿವಿಗೂ ಬಿತ್ತು.

ಮದ್ರಾಸ್ ಸರ್ಕಾರದ ಸಚಿವರಾಗಿದ್ದ ಸಿ. ಸುಬ್ರಮಣಿಯಂ ಮುತುವರ್ಜಿ ವಹಿಸಿದರು. 1961ರಲ್ಲಿ ಮದ್ರಾಸಿಗೆ ಬಂದ ನೆಹರೂ ಈ ವಿದ್ಯಾರ್ಥಿಗಳನ್ನು ಭೇಟಿಯಾದರು. 1962ರ ಜನವರಿ 3ರಂದು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಥೆ ಉದ್ಘಾಟನೆಯಾಯಿತು. ಮುಂದೆ 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅಂದು ವೇದಿಕೆಯಲ್ಲಿದ್ದರು. ತರಮಣಿಯ ಕ್ಯಾಂಪಸ್ ಬಂದದ್ದು ಆಮೇಲೆ.

ಆ ಸೆಮಿನಾರ್‌ಗೆ ಪ್ರಾಧ್ಯಾಪಕರೊಬ್ಬರ ಮುಂದಾಳತ್ವವಿತ್ತು. ಹಾಗಾಗಿ ಇಂದಿನ ಸ್ಟೂಡೆಂಟ್ ಟಾಕ್‌ಗೂ ಅದಕ್ಕೂ ಪೂರ್ತಿ ಹೋಲಿಕೆ ಸಲ್ಲದು. ಆದರೆ ಬೋರ್ ಅವರ ಕಣ್ಣಿಗೆ ಬಿದ್ದದ್ದು ಕಟ್ಟಡವಲ್ಲ, ಕಲಿಯುವ ವಯಸ್ಸಿನವರು ಎದ್ದು ನಿಂತು ಮಾತನಾಡುತ್ತಿದ್ದುದು.

ಬೇಕೆಂದೇ ತಪ್ಪು ಪ್ರಶ್ನೆ ಕೇಳಿದ ಕಪಿತ್ಸಾ

ಇನ್ನೂ ಹಿಂದೆ ಹೋದರೆ ಕೇಂಬ್ರಿಜ್‌ನ 'ಕಪಿತ್ಸಾ ಕ್ಲಬ್' ಸಿಗುತ್ತದೆ. ರಷ್ಯಾದಿಂದ ಬಂದು ಅರ್ನೆಸ್ಟ್ ರುದರ್‌ಫೋರ್ಡ್ ಅವರ ಲ್ಯಾಬ್ ಸೇರಿದ್ದ ಪ್ಯೋತ್ರ್ ಕಪಿತ್ಸಾ 1922ರಲ್ಲಿ ಇದನ್ನು ಆರಂಭಿಸಿದರು. ಮಂಗಳವಾರ ರಾತ್ರಿ ಊಟದ ನಂತರ ಕಾಲೇಜಿನ ಕೋಣೆಯಲ್ಲಿ ಕಿರಿಯ ವಿಜ್ಞಾನಿಗಳು ಸೇರುತ್ತಿದ್ದರು. ನಡುವೆ ಬಾಯಿ ಹಾಕುವುದಕ್ಕೆ ಇಲ್ಲಿ ಅಡ್ಡಿಯಿರಲಿಲ್ಲ, ಹಾಕಲಿ ಎಂದೇ ಬಯಸುತ್ತಿದ್ದರು.

ಸಮಸ್ಯೆ ಏನೆಂದರೆ ಕೇಂಬ್ರಿಜ್‌ನ ಹುಡುಗರು ಬಾಯಿ ಬಿಡುತ್ತಿರಲಿಲ್ಲ. ಇಷ್ಟೂ ಗೊತ್ತಿಲ್ಲವೇ ಎಂದು ಯಾರಾದರೂ ನಕ್ಕಾರು ಎಂಬ ಅಳುಕು. ಅದಕ್ಕೆ ಕಪಿತ್ಸಾ ತಾವೇ ಬೇಕೆಂದು ಪೆದ್ದು ಪ್ರಶ್ನೆ ಕೇಳುತ್ತಿದ್ದರು, ತಪ್ಪು ಮಾತು ಆಡುತ್ತಿದ್ದರು. ಅದನ್ನು ತಿದ್ದುವ ಹುಮ್ಮಸ್ಸಿನಲ್ಲಿ ಉಳಿದವರ ಬಾಯಿ ತೆರೆಯುತ್ತಿತ್ತು. 1932ರ ಫೆಬ್ರವರಿಯಲ್ಲಿ ಜೇಮ್ಸ್ ಚಾಡ್‌ವಿಕ್ ತಾವು ನ್ಯೂಟ್ರಾನ್ ಕಂಡುಹಿಡಿದದ್ದನ್ನು ಸಹೋದ್ಯೋಗಿಗಳಿಗೆ ವಿವರಿಸಿದ್ದು ಇದೇ ಕ್ಲಬ್ಬಿನಲ್ಲಿ. ಮೂರು ವರ್ಷದ ನಂತರ ಅದಕ್ಕೆ ನೊಬೆಲ್ ಬಂತು.

1934ರಲ್ಲಿ ತಾಯ್ನಾಡಿಗೆ ಹೋದ ಕಪಿತ್ಸಾ ಅವರನ್ನು ಸೋವಿಯತ್ ಸರ್ಕಾರ ವಾಪಸ್ ಬಿಡಲಿಲ್ಲ. ಕ್ಲಬ್ ಮಾತ್ರ ಅವರಿಲ್ಲದೆಯೂ ವರ್ಷಗಟ್ಟಲೆ ನಡೆಯಿತು. ಇದು ಅಪರೂಪ, ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಪೆದ್ದು ಪ್ರಶ್ನೆಗೆ ಜಾಗ ಬೇಕು

ಹಾಗೆ ಬಾಯಿ ಬಿಡಲು ಅಳುಕುವವರು ಇಂದಿಗೂ ಇದ್ದಾರೆ. ನಮ್ಮಲ್ಲಿ ಅದಕ್ಕೆ ಇನ್ನೆರಡು ಕಾರಣ ಸೇರಿವೆ. ಒಂದು, ಹಿರಿಯರ ಮುಂದೆ ಎದುರು ಮಾತನಾಡಬಾರದು ಎಂದು ಬೆಳೆದ ರೀತಿ. ಸಾರ್ ಕುಳಿತಿರುವಾಗ ಪ್ರಶ್ನೆ ಕೇಳುವುದೇ ಧಾರ್ಷ್ಟ್ಯ ಎನಿಸುತ್ತದೆ. ಹಾಗಾಗಿಯೇ ಹಲವು ಕಡೆ ಸ್ಟೂಡೆಂಟ್ ಟಾಕ್‌ಗೆ ಪ್ರಾಧ್ಯಾಪಕರನ್ನು ಕರೆಯುವುದಿಲ್ಲ. ಬರಬೇಡಿ ಎಂದು ನೇರವಾಗಿ ಹೇಳುವ ವಿದ್ಯಾರ್ಥಿಗಳೂ ಇದ್ದಾರೆ, ಅದರಲ್ಲಿ ಅವಿಧೇಯತೆ ಏನೂ ಇಲ್ಲ.

ಎರಡನೆಯದು ಭಾಷೆ. ರಾಯಚೂರು, ಹಾವೇರಿ ಅಥವಾ ಚಾಮರಾಜನಗರದ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪರೀಕ್ಷೆ ಗೆದ್ದು ಮುಂಬೈಗೋ ಹೈದರಾಬಾದಿಗೋ ಬಂದವರಿಗೆ ವಿಷಯ ಗೊತ್ತಿರುತ್ತದೆ, ಇಂಗ್ಲಿಷ್ ವಾಕ್ಯ ಸಿಗುವುದಿಲ್ಲ. ಸಮ್ಮೇಳನದಲ್ಲಿ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ನಲವತ್ತು ನಿಮಿಷ ಮಾತನಾಡುವುದಕ್ಕಿಂತ, ರಾತ್ರಿ ಒಂದೇ ಮೆಸ್ಸಿನಲ್ಲಿ ಊಟ ಮಾಡುವ ಇಪ್ಪತ್ತು ಜನರ ಮುಂದೆ ಮಾತನಾಡುವುದು ಸುಲಭ. ಒಂದು ಪದ ತಪ್ಪಿದರೆ ಹಿಂದಿಯಲ್ಲೋ ತಮಿಳಿನಲ್ಲೋ ಯಾರಾದರೂ ಹೇಳಿಕೊಡುತ್ತಾರೆ. ಈ ಅಭ್ಯಾಸ ಇಲ್ಲದೆ ನೇರವಾಗಿ ಕೆಲಸದ ಸಂದರ್ಶನಕ್ಕೆ ಹೋದವರ ಕಷ್ಟ ಅವರಿಗೇ ಗೊತ್ತು. ಬೋಧಕ ಹುದ್ದೆಯ ಆಯ್ಕೆಯಲ್ಲಿ ಹಲವೆಡೆ ಒಂದು ಉಪನ್ಯಾಸವೂ ಇರುತ್ತದೆ.

ಮಾತನಾಡುವ, ಬರೆಯುವ ಕಲೆಗೆ ಬಹುಮಾನವೇ ಇಲ್ಲ ಎಂದಲ್ಲ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ 'ಅವಸರ್' ಎಂಬ ಸ್ಪರ್ಧೆ ಆರಂಭಿಸಿತು. ಪಿಎಚ್‌ಡಿ ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಜನಸಾಮಾನ್ಯರಿಗೆ ಅರ್ಥವಾಗುವಂತೆ ಬರೆದರೆ ಮೊದಲ ಬಹುಮಾನ ₹1 ಲಕ್ಷ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರು ಮಾಡಿದ 'ಥ್ರೀ ಮಿನಿಟ್ ಥೀಸಿಸ್' ಈಗ ಎಷ್ಟೋ ದೇಶಗಳಲ್ಲಿದೆ. ಮೂರೇ ನಿಮಿಷ, ಒಂದೇ ಸ್ಲೈಡ್. ಎರಡೂ ಒಳ್ಳೆಯವೇ. ಆದರೆ ಸ್ಪರ್ಧೆ ಎಂದ ಮೇಲೆ ಗೆಲ್ಲುವವರೇ ಬರುತ್ತಾರೆ. ಮಾತನಾಡಲು ಬಾರದವರು ಎಲ್ಲಿಗೆ ಹೋಗಬೇಕು?

ಯಾಕೆ ನಿಂತುಹೋಗುತ್ತವೆ?

ಇಷ್ಟೆಲ್ಲ ಉಪಯೋಗವಿದ್ದರೂ ಸ್ಟೂಡೆಂಟ್ ಟಾಕ್‌ಗಳ ಆಯಸ್ಸು ಕಡಿಮೆ. ಎರಡು ವರ್ಷ ಚೆನ್ನಾಗಿ ನಡೆದು, ಮೂರನೇ ವರ್ಷ ತಿಂಗಳಿಗೊಂದಾಗಿ, ಆಮೇಲೆ ಸದ್ದಿಲ್ಲದೆ ನಿಲ್ಲುತ್ತವೆ. ಕಾರಣ ಆಸಕ್ತಿ ಕಡಿಮೆಯಾದದ್ದೇ ಎನ್ನಲಾಗದು. ಇಮೇಲ್ ಕಳಿಸುತ್ತಿದ್ದ ಆ ಒಬ್ಬ ವ್ಯಕ್ತಿ ಪ್ರಬಂಧ ಬರೆಯಲು ಕೂತಿರುತ್ತಾರೆ, ಅಥವಾ ಪಿಎಚ್‌ಡಿ ಮುಗಿಸಿ ಹೊರಟಿರುತ್ತಾರೆ. ಮುಂದಿನವರಿಗೆ ಜವಾಬ್ದಾರಿ ಒಪ್ಪಿಸಿರುವುದಿಲ್ಲ. ಸಂಸ್ಥೆಯ ಯಾವ ಕಡತದಲ್ಲೂ ಇಲ್ಲದ ಕಾರ್ಯಕ್ರಮ ನಿಂತುಹೋದದ್ದೂ ಯಾರ ಗಮನಕ್ಕೂ ಬರುವುದಿಲ್ಲ. ಮೊದಲ ವರ್ಷದವರಿಗಂತೂ ಇಲ್ಲಿ ಹಾಗೊಂದು ಇತ್ತು ಎಂಬುದೇ ತಿಳಿಯುವುದಿಲ್ಲ. ಕೋವಿಡ್ ಕಾಲದಲ್ಲಿ ಕ್ಯಾಂಪಸ್‌ಗಳು ಖಾಲಿಯಾದಾಗ ಕೊಂಡಿ ಕಳಚುವುದು ಇನ್ನೂ ಸುಲಭವಾಯಿತು. ಆನ್‌ಲೈನ್‌ನಲ್ಲಿ ಮಾತು ಕೇಳಬಹುದು, ಆದರೆ ಟಾಕ್ ಮುಗಿದ ಮೇಲೆ ಚಹಾ ಹಿಡಿದು ನಿಂತು ಆಡುವ ಮಾತು ಅಲ್ಲಿ ಇರುವುದಿಲ್ಲ.

ಹಾಗಾದರೆ ಕಡ್ಡಾಯ ಮಾಡಿ, ಕ್ರೆಡಿಟ್ ಕೊಟ್ಟುಬಿಡಬಹುದಲ್ಲ ಎಂದು ಆಡಳಿತಗಾರರಿಗೆ ಅನ್ನಿಸುವುದು ಸಹಜ. ಅದು ಮದ್ದಲ್ಲ. ಹಾಜರಿ ಪುಸ್ತಕ ಬಂದ ದಿನವೇ ಅದು ಇನ್ನೊಂದು ಕ್ಲಾಸ್ ಆಗುತ್ತದೆ. ಕ್ರೆಡಿಟ್ ಇದ್ದರೆ ಅಂಕ ಕೊಡಲು ಪ್ರಾಧ್ಯಾಪಕರು ಬಂದು ಕೂರಬೇಕು, ಅಲ್ಲಿಗೆ ಪೆದ್ದು ಪ್ರಶ್ನೆ ನಿಂತಿತು. ಅಮೆರಿಕದ ಎಂಐಟಿ ಬೇರೆ ದಾರಿ ಹಿಡಿದಿದೆ. 1971ರಿಂದ ಅಲ್ಲಿ ಜನವರಿ ತಿಂಗಳನ್ನು ಎರಡು ಸೆಮಿಸ್ಟರ್‌ಗಳ ನಡುವೆ ಬಿಡುವಾಗಿ ಇಟ್ಟಿದ್ದಾರೆ. ಆಗ ವಿದ್ಯಾರ್ಥಿಗಳೂ ತಮಗಿಷ್ಟವಾದ ವಿಷಯದ ಮೇಲೆ ತರಗತಿ ನಡೆಸಬಹುದು. ಸಂಸ್ಥೆ ಕೊಟ್ಟದ್ದು ಸಮಯ ಮತ್ತು ಜಾಗ, ವಿಷಯವನ್ನಲ್ಲ.

ನಮ್ಮ ಸಂಸ್ಥೆಗಳಿಂದ ವಿದ್ಯಾರ್ಥಿಗಳು ಕೇಳುವುದು ಅದಕ್ಕಿಂತ ಕಡಿಮೆ. ಸಂಜೆ ಐದರ ಮೇಲೆ ಹಾಲ್‌ನ ಬೀಗದ ಕೈ, ಚಹಾ-ಸಮೋಸಾದ ಬಿಲ್. 2023ರ ಜನವರಿಯಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ ₹37,000 ಆಗಿದೆ, ಎರಡು ವರ್ಷದ ನಂತರ ₹42,000. ಅದರಲ್ಲಿ ವಾರವಾರ ಇಪ್ಪತ್ತು ಜನರಿಗೆ ಸಮೋಸಾ ಕೊಡಿಸುವುದು ಉಸ್ತುವಾರಿ ಹೊತ್ತವರ ಜೇಬಿಗೆ ಭಾರವೇ. ಅದೂ ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗಿ ಬರುವ ಕಡೆ ಕೇಳುವುದೇ ಬೇಡ.

ವಿದ್ಯಾರ್ಥಿಗಳು ಮಾಡಬೇಕಾದದ್ದೂ ಒಂದಿದೆ. ಉಸ್ತುವಾರಿಗೆ ಇಬ್ಬರಿರಬೇಕು, ಅವರಲ್ಲಿ ಒಬ್ಬರು ಮೊದಲ ವರ್ಷದವರಾಗಿರಬೇಕು. ಹಿರಿಯರು ಬಿಟ್ಟಾಗ ಕಿರಿಯರಿಗೆ ಇಮೇಲ್ ಪಟ್ಟಿಯೂ ಗೊತ್ತಿರುತ್ತದೆ, ಯಾರನ್ನು ಎಷ್ಟು ಸಲ ಕಾಡಿದರೆ ಒಪ್ಪುತ್ತಾರೆ ಎಂಬುದೂ.

ನೀವು ಹೋಗಿ ಕೇಳಬಹುದೇ?

ಕ್ಯಾಂಪಸ್ ಒಳಗಿನ ಸ್ಟೂಡೆಂಟ್ ಟಾಕ್‌ಗೆ ಹೊರಗಿನವರಿಗೆ ಸಾಮಾನ್ಯವಾಗಿ ಪ್ರವೇಶ ಇರುವುದಿಲ್ಲ. ಮುಂಬೈನ ಟಿಐಎಫ್‌ಆರ್ ಇರುವುದು ಕೊಲಾಬಾದ ನೇವಿ ನಗರದಲ್ಲಿ, ಗೇಟಿನಲ್ಲೇ ತಪಾಸಣೆ. 1945ರಲ್ಲಿ ಈ ಸಂಸ್ಥೆ ಶುರುವಾದದ್ದು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಮುಂಬೈಗೆ ಸ್ಥಳಾಂತರವಾಯಿತು.

ಜನರಿಗಾಗಿಯೇ ನಡೆಯುವ ಕಾರ್ಯಕ್ರಮಗಳು ಬೇರೆ ಇವೆ. ಟಿಐಎಫ್‌ಆರ್ 2009ರಲ್ಲಿ 'ಚಾಯ್ ಅಂಡ್ ವೈ?' ಆರಂಭಿಸಿತು. ಭಾನುವಾರ ಬೆಳಗ್ಗೆ ಜುಹುವಿನ ಪೃಥ್ವಿ ಥಿಯೇಟರ್‌ನಂಥ ಕಡೆ ವಿಜ್ಞಾನಿಗಳು ಜನರ ಜತೆ ಮಾತಿಗೆ ಕೂರುವ ಸರಣಿ ಇದು. ಪುಣೆಯ ಐಯುಕಾ ಶಾಲಾ ಮಕ್ಕಳಿಗಾಗಿ ಎರಡನೇ ಶನಿವಾರದ ಉಪನ್ಯಾಸಗಳನ್ನು ನಡೆಸಿಕೊಂಡು ಬಂದಿದೆ. ಬೆಂಗಳೂರಿನಲ್ಲಿ ಟಿಐಎಫ್‌ಆರ್‌ನದೇ ಅಂಗವಾದ ಐಸಿಟಿಎಸ್, ಜವಾಹರಲಾಲ್ ನೆಹರೂ ತಾರಾಲಯ ಮುಂತಾದವರ ಜತೆ ಸೇರಿ ಉಪನ್ಯಾಸ ಸರಣಿಯೊಂದನ್ನು ನಡೆಸುತ್ತದೆ. ಮುಂಬೈಯವರು ಚಾಯ್ ಎಂದು ಹೆಸರಿಟ್ಟರೆ ಬೆಂಗಳೂರಿನವರು ಬಿಡುತ್ತಾರೆಯೇ, ಇದರ ಹೆಸರು 'ಕಾಪಿ ವಿತ್ ಕ್ಯೂರಿಯಾಸಿಟಿ'. ಇವುಗಳ ದಿನಾಂಕ, ಸ್ಥಳ ಬದಲಾಗುತ್ತಿರುತ್ತವೆ, ಹೋಗುವ ಮುನ್ನ ಆಯಾ ಸಂಸ್ಥೆಯ ಪ್ರಕಟಣೆ ನೋಡಿಕೊಳ್ಳಿ.